ಹೆಂಡತಿಯ ಅರ್ಜಿಯಲ್ಲಿ ಮಕ್ಕಳು ತಾವಾಗೇ ಸೇರುವುದಿಲ್ಲ

ಅಮೆರಿಕದಲ್ಲಿರುವ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಮರುಮದುವೆಯಾದ ಕುಟುಂಬಗಳದ್ದು. ಸಂಗಾತಿ ಇನ್ನೊಂದು ದೇಶದಲ್ಲಿ, ಅವರ ಜೊತೆ ಹಿಂದಿನ ಮದುವೆಯ ಮಕ್ಕಳು. ಬೇರೆ ಬೇರೆ ಮನೆಗಳ ಕಥೆ, ಆದರೆ ಎಲ್ಲರೂ ಸಿಕ್ಕಿಹಾಕಿಕೊಂಡಿರುವುದು ಮಕ್ಕಳ ಕಾಗದಪತ್ರದಲ್ಲೇ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ನಾನು ಅಮೆರಿಕದ ಪೌರ. ಹೋದ ವರ್ಷ ಮದುವೆಯಾದೆ. ಹೆಂಡತಿಗೆ ಮೊದಲ ಮದುವೆಯಿಂದ ಇಬ್ಬರು ಮಕ್ಕಳು. ಮಗನಿಗೆ ಈಗ 17, ಮಗಳಿಗೆ 11. ಮದುವೆಯಾದ ತಕ್ಷಣ ಹೆಂಡತಿಗೆ ಐ-130, ಅಂದರೆ ಸಂಬಂಧಿಕರನ್ನು ಕರೆಸಿಕೊಳ್ಳುವ ಅರ್ಜಿ, ಹಾಕಿದೆ, ಅದರಲ್ಲಿ ಮಕ್ಕಳ ಹೆಸರು, ಹುಟ್ಟಿದ ದಿನ ಎಲ್ಲ ಬರೆದಿದ್ದೆ. ಈಗ ಅರ್ಜಿ ಒಪ್ಪಿಗೆಯಾಗಿ, ಮುಂದಿನ ವೀಸಾ ಕೆಲಸ ನೋಡುವ ನ್ಯಾಷನಲ್ ವೀಸಾ ಸೆಂಟರಿನಿಂದ ನೋಟಿಸ್ ಬಂದಿದೆ. ಆದರೆ ಫೀಸು ಕಟ್ಟುವ ಪುಟದಲ್ಲಿ ಹೆಂಡತಿಯ ಹೆಸರೊಂದೇ ಇದೆ. ಮಗನಿಗೆ ಇನ್ನು ಕೆಲವು ತಿಂಗಳಲ್ಲಿ 18 ತುಂಬುತ್ತದೆ. ಅವನು ಅಲ್ಲೇ ಉಳಿದುಬಿಡುತ್ತಾನಾ? (ಹೆಸರು ಬೇಡ, ಟೆಕ್ಸಾಸ್)

ಉತ್ತರ: ಉಳಿಯುವುದಿಲ್ಲ, ಧೈರ್ಯವಾಗಿರಿ. ಆದರೆ ಇಬ್ಬರು ಮಕ್ಕಳಿಗೂ ಬೇರೆ ಬೇರೆ ಐ-130 ಹಾಕಬೇಕು, ಅದನ್ನು ಈ ವಾರವೇ ಹಾಕಿ.

ಅಮೆರಿಕದ ಪೌರರ ಗಂಡ ಅಥವಾ ಹೆಂಡತಿ, 21 ತುಂಬದ ಅವಿವಾಹಿತ ಮಕ್ಕಳು, ಇವರೆಲ್ಲ ಹತ್ತಿರದ ಸಂಬಂಧಿಗಳು ಅನ್ನುವ ವರ್ಗಕ್ಕೆ ಬರುತ್ತಾರೆ. ಈ ವರ್ಗಕ್ಕೆ ವರ್ಷಕ್ಕೆ ಇಷ್ಟೇ ವೀಸಾ ಅನ್ನುವ ಮಿತಿ ಇಲ್ಲ, ಸರದಿಯೂ ಇಲ್ಲ. ಅದು ದೊಡ್ಡ ಅನುಕೂಲ. ಆದರೆ ಇದೇ ವರ್ಗದಲ್ಲಿ ಒಬ್ಬರ ಅರ್ಜಿಯ ಬೆನ್ನಿಗೆ ಇನ್ನೊಬ್ಬರು ಬರುವ ಹಾಗಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಅರ್ಜಿ. ಹೆಂಡತಿಯ ಫಾರ್ಮಿನಲ್ಲಿ ಮಕ್ಕಳ ಹೆಸರು ಬರೆಯಲೇಬೇಕು, ಬರೆದದ್ದು ಸರಿಯೇ, ಆದರೆ ಅದು ಕುಟುಂಬದ ವಿವರ ಅಷ್ಟೆ. ಅದರಿಂದ ಅವರಿಗೆ ವೀಸಾ ಹುಟ್ಟುವುದಿಲ್ಲ. ಫಾರ್ಮೇ ಮಕ್ಕಳ ಹೆಸರು ಕೇಳುತ್ತದೆ, ಹಾಗಾಗಿ ಎಲ್ಲ ಮುಗಿಯಿತು ಅಂತ ಜನ ಅಂದುಕೊಳ್ಳುವುದು ಸಹಜ. ಸರ್ಕಾರ ಆ ಪ್ರಶ್ನೆಯ ಕೆಳಗೆ ಒಂದು ಸಾಲಿನ ಎಚ್ಚರಿಕೆ ಅಚ್ಚು ಹಾಕಿದ್ದರೆ ಎಷ್ಟೋ ಮನೆಗಳ ವರ್ಷಗಳು ಉಳಿಯುತ್ತಿದ್ದವು ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಇನ್ನು 18ರ ಭಯ. ಎರಡು ವಯಸ್ಸು ಕಲಸಿಹೋಗಿವೆ, ಬಿಡಿಸಿ ನೋಡೋಣ. 18 ಅನ್ನುವುದು ನಿಮ್ಮ ಮದುವೆಯ ದಿನಕ್ಕೆ ಸಂಬಂಧಪಟ್ಟದ್ದು. ನೀವು ಅವರ ತಾಯಿಯನ್ನು ಮದುವೆಯಾದ ದಿನ ಮಗನಿಗೆ 18 ತುಂಬಿರಬಾರದು, ಆಗ ಮಾತ್ರ ಕಾನೂನಿನ ಕಣ್ಣಲ್ಲಿ ಅವನು ನಿಮ್ಮ ಮಲಮಗ. ನಿಮ್ಮ ಮದುವೆಯಲ್ಲಿ ಅವನಿಗೆ 16 ಅಥವಾ 17 ಇದ್ದಿರಬೇಕು, ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ನಾಳೆ ಅವನಿಗೆ 18 ಆದರೂ ಸಂಬಂಧ ಹೋಗುವುದಿಲ್ಲ. 21 ಅನ್ನುವುದು ಅರ್ಜಿಯ ದಿನಕ್ಕೆ ಸಂಬಂಧಪಟ್ಟದ್ದು. 2002ರಲ್ಲಿ ಬಂದ ಚೈಲ್ಡ್ ಸ್ಟೇಟಸ್ ಪ್ರೊಟೆಕ್ಷನ್ ಆಕ್ಟ್ ಪ್ರಕಾರ, ಪೌರರು ಐ-130 ಹಾಕಿದ ದಿನ ಮಗುವಿಗೆ ಎಷ್ಟು ವಯಸ್ಸಿತ್ತೋ ಅಷ್ಟಕ್ಕೇ ಲೆಕ್ಕ ನಿಲ್ಲುತ್ತದೆ. ಅರ್ಜಿ ಮುಗಿಯುವುದು ತಡವಾಗಿ ಅಷ್ಟರಲ್ಲಿ 21 ದಾಟಿದರೂ ತೊಂದರೆ ಇಲ್ಲ. ಒಂದೇ ಷರತ್ತು, ಅಷ್ಟರೊಳಗೆ ಅವನು ಮದುವೆಯಾಗಬಾರದು.

ಫಾರ್ಮ್ ತುಂಬುವಾಗ ಮೊದಲ ಪುಟದಲ್ಲೇ ಎರಡು ಪ್ರಶ್ನೆ ಬರುತ್ತವೆ. ಯಾರಿಗಾಗಿ ಅರ್ಜಿ ಅನ್ನುವಲ್ಲಿ ‘ಚೈಲ್ಡ್’ ಗುರುತು ಮಾಡಿ. ಅದರ ಕೆಳಗೆ ಎಂಥ ಸಂಬಂಧ ಅನ್ನುವಲ್ಲಿ ನಾಲ್ಕು ಆಯ್ಕೆಗಳಿವೆ: ಮದುವೆಯಾದ ತಂದೆತಾಯಿಗೆ ಹುಟ್ಟಿದ ಮಗು, ಮದುವೆಯಾಗದವರಿಗೆ ಹುಟ್ಟಿದ ಮಗು, ದತ್ತು, ಮತ್ತು ‘ಸ್ಟೆಪ್‌ಚೈಲ್ಡ್/ಸ್ಟೆಪ್‌ಪೇರೆಂಟ್’. ಈ ‘ಸ್ಟೆಪ್‌ಚೈಲ್ಡ್/ಸ್ಟೆಪ್‌ಪೇರೆಂಟ್’ ಚೌಕವನ್ನೇ ಗುರುತು ಮಾಡಿ. ಪ್ರೀತಿಯಿಂದ ‘ನನ್ನದೇ ಮಗು’ ಅಂತ ಬೇರೆ ಚೌಕಕ್ಕೆ ಹಾಕಬೇಡಿ, ಅದು ಮುಂದೆ ಸುಳ್ಳು ಹೇಳಿಕೆ ಅಂತ ಎದ್ದು ನಿಲ್ಲಬಹುದು. ಜೊತೆಗೆ ಇಡಬೇಕಾದ್ದು ತಾಯಿಯ ಹೆಸರಿರುವ ಮಗುವಿನ ಜನನ ಪ್ರಮಾಣಪತ್ರ, ನಿಮ್ಮಿಬ್ಬರ ಮದುವೆ ಪ್ರಮಾಣಪತ್ರ, ನಿಮ್ಮಿಬ್ಬರ ಹಿಂದಿನ ಮದುವೆಗಳು ಮುಗಿದದ್ದಕ್ಕೆ ಸಾಕ್ಷಿ, ಅಂದರೆ ವಿಚ್ಛೇದನದ ಡಿಕ್ರಿ ಅಥವಾ ಮರಣ ಪ್ರಮಾಣಪತ್ರ. ಇಂಗ್ಲಿಷಿನಲ್ಲಿಲ್ಲದ ಪ್ರತಿಯೊಂದಕ್ಕೂ ಅನುವಾದ ಬೇಕು, ಅನುವಾದಕರು ‘ಇದು ಪೂರ್ತಿ ಮತ್ತು ಸರಿಯಾಗಿದೆ, ನನಗೆ ಎರಡೂ ಭಾಷೆ ಬರುತ್ತದೆ’ ಅಂತ ಬರೆದು ಸಹಿ ಮಾಡಿರಬೇಕು. ಹೆಂಡತಿಗೆ ತುಂಬಿದ ಐ-130ಎ ಮಕ್ಕಳಿಗೆ ಬೇಡ, ಅದು ಗಂಡಹೆಂಡತಿಗೆ ಮಾತ್ರ. ಫೀಸು 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ದರದಲ್ಲಿ ಆನ್‌ಲೈನಾದರೆ 625 ಡಾಲರ್, ಕಾಗದದಲ್ಲಾದರೆ 675, ಒಬ್ಬೊಬ್ಬರಿಗೆ. ಕಟ್ಟುವ ದಿನ ವಲಸೆ ಇಲಾಖೆಯ, ಅಂದರೆ ಯುಎಸ್‌ಸಿಐಎಸ್‌ನ, ಪುಟದಲ್ಲಿ ದರ ನೋಡಿಕೊಂಡೇ ಕಟ್ಟಿ.

ಈಗ ಕಷ್ಟದ ಮಾತು. ಹೆಂಡತಿಯ ಫೈಲು ಮುಂದೆ ಓಡುತ್ತಿದೆ, ಮಕ್ಕಳದ್ದು ಈಗ ಹುಟ್ಟುತ್ತಿದೆ. ಅವರು ಮೊದಲು ಬಂದುಬಿಡಲಿ, ಮಕ್ಕಳು ಆಮೇಲೆ ಬರಲಿ ಅಂತ ಹೇಳುವವರು ಬಹಳ ಜನ ಇರುತ್ತಾರೆ. ನಾನು ಹಾಗೆ ಹೇಳುವುದಿಲ್ಲ. 11 ವರ್ಷದ ಹುಡುಗಿಯನ್ನು ಯಾವಾಗ ಮುಗಿಯುತ್ತದೋ ಗೊತ್ತಿಲ್ಲದ ಫೈಲಿನ ಭರವಸೆ ಮೇಲೆ ಬಿಟ್ಟು ಬರುವುದು ತಾಯಿಗೂ ಕಷ್ಟ, ಮಗುವಿಗೂ ಕಷ್ಟ. ಗ್ರೀನ್ ಕಾರ್ಡ್ ಬಂದ ಮೇಲೆ ತಾಯಿ ಮಕ್ಕಳ ಹತ್ತಿರ ಹೋಗಿ ತಿಂಗಳುಗಟ್ಟಲೆ ಇದ್ದರೆ ಆ ಕಾರ್ಡಿಗೇ ಕುತ್ತು. ಅದಕ್ಕಿಂತ ಹೆಂಡತಿಯ ಫೈಲನ್ನು ನಿಧಾನ ಮಾಡಬಹುದು. ವೀಸಾ ಕೊಟ್ಟ ಮೇಲೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಪ್ರವೇಶಿಸಬೇಕಾಗುತ್ತದೆ, ಹಾಗಾಗಿ ಸಂದರ್ಶನಕ್ಕೆ ಮೊದಲೇ ತಡೆಯಿರಿ. ವೀಸಾ ಸೆಂಟರಿಗೆ ಮಕ್ಕಳ ರಸೀದಿ ನಂಬರ್ ಕೊಟ್ಟು, ಮೂರೂ ಫೈಲು ಒಟ್ಟಿಗೆ ಹೋಗಲಿ ಅಂತ ಬರೆಯಿರಿ. ಒಂದು ಎಚ್ಚರ: ನೋಟಿಸ್ ಬಂದ ಮೇಲೆ ಒಂದು ವರ್ಷ ನಿಮ್ಮ ಕಡೆಯಿಂದ ಏನೂ ಸುದ್ದಿ ಇಲ್ಲದಿದ್ದರೆ ಅರ್ಜಿ ರದ್ದಾಗುವ ಅಪಾಯ ಇದೆ. ಸುಮ್ನೆ ಕೂರಬೇಡಿ, ಆಗಾಗ ಬರೆಯುತ್ತಿರಿ, ಬರೆದದ್ದರ ಪ್ರತಿ ಇಟ್ಟುಕೊಳ್ಳಿ.

ಪ್ರಶ್ನೆ: ನಾನು ಪೌರಳು. ನಾನು ಮದುವೆಯಾಗಬೇಕು ಅಂದುಕೊಂಡಿರುವವರು ವಿದೇಶದಲ್ಲಿದ್ದಾರೆ, ಅವರಿಗೆ ಒಬ್ಬ ಮಗಳು, 19 ವರ್ಷ. ಬೇಗ ಅಲ್ಲೇ ಹೋಗಿ ಮದುವೆಯಾಗಿ ಇಬ್ಬರಿಗೂ ಅರ್ಜಿ ಹಾಕು ಅಂತ ಎಲ್ಲರೂ ಹೇಳುತ್ತಿದ್ದಾರೆ. (ಇಲಿನಾಯ್)

ಉತ್ತರ: ದಯವಿಟ್ಟು ನಿಲ್ಲಿ. ಇದನ್ನು ಓದಿ ಮುಗಿಸುವ ತನಕ ಟಿಕೆಟ್ ತೆಗೆಯಬೇಡಿ.

ಅವಳಿಗೆ ಆಗಲೇ 18 ದಾಟಿದೆ. ಈಗ ನೀವು ಅಲ್ಲಿ ಮದುವೆಯಾದರೆ ಅವಳು ವಲಸೆ ಕಾನೂನಿನಲ್ಲಿ ನಿಮ್ಮ ಮಲಮಗಳು ಆಗುವುದಿಲ್ಲ, ನೀವು ಅವಳಿಗೆ ಐ-130 ಹಾಕುವಂತೆಯೇ ಇಲ್ಲ. ಆಗ ಉಳಿಯುವುದು ತಂದೆ ಗ್ರೀನ್ ಕಾರ್ಡ್ ಪಡೆದು ಬಂದು ಅವಳಿಗೆ ಅರ್ಜಿ ಹಾಕುವ ದಾರಿ. ಅದರಲ್ಲಿ ಸರದಿ ಇದೆ. 21 ದಾಟಿದ ಮಕ್ಕಳ ವರ್ಗಕ್ಕೆ ಜಾರಿದರೆ ಕಾಯುವುದು ವರ್ಷಗಟ್ಟಲೆ.

ಮದುವೆಗೆ ಮೊದಲು ಮಾತ್ರ ತೆರೆದಿರುವ ಇನ್ನೊಂದು ದಾರಿ ಇದೆ, ಅದು ಫಿಯಾನ್ಸೆ ವೀಸಾ, ಅಂದರೆ ಕೆ-1. ಇದಕ್ಕೆ ಐ-129ಎಫ್ ಅರ್ಜಿ, ಅವರೊಬ್ಬರಿಗೆ ಹಾಕಿ ಮಗಳ ಹೆಸರು ಅದರಲ್ಲೇ ಬರೆದರೆ ಸಾಕು. ಇಲ್ಲಿ ಮಗು ಬೆನ್ನಿಗೇ ಬರುತ್ತದೆ, ಕೆ-2 ಅಂತ, ಮತ್ತು ಕೆ-2ಗೆ ಬೇಕಾದ್ದು 21ರೊಳಗಿನ ಅವಿವಾಹಿತ ಮಗು. 18ರ ಲೆಕ್ಕ ಇಲ್ಲಿ ಬರುವುದಿಲ್ಲ. 18 ದಾಟಿದ ಕೆ-2 ಮಕ್ಕಳಿಗೆ ಇಲ್ಲಿ ಬಂದ ಮೇಲೆ ಗ್ರೀನ್ ಕಾರ್ಡ್ ಸಿಗುತ್ತದಾ ಅನ್ನುವ ಗೊಂದಲ ಹಿಂದೆ ಇತ್ತು. 2011ರಲ್ಲಿ ವಲಸೆ ಮೇಲ್ಮನವಿ ಮಂಡಳಿ ‘ಮ್ಯಾಟರ್ ಆಫ್ ಲೇ’ ತೀರ್ಪಿನಲ್ಲಿ ಅದನ್ನು ಬಗೆಹರಿಸಿತು: ದೇಶ ಪ್ರವೇಶಿಸುವ ದಿನ 21 ತುಂಬಿರದಿದ್ದರೆ ಸಾಕು.

ಷರತ್ತುಗಳಿವೆ. ಅರ್ಜಿ ಹಾಕುವ ಹಿಂದಿನ ಎರಡು ವರ್ಷದೊಳಗೆ ನೀವಿಬ್ಬರೂ ಮುಖಾಮುಖಿ ಭೇಟಿಯಾಗಿರಬೇಕು. ಅವರು ಬಂದ 90 ದಿನದೊಳಗೆ ಮದುವೆ ಆಗಬೇಕು. ಆಮೇಲೆ ತಂದೆ, ಮಗಳು ಇಬ್ಬರೂ ಬೇರೆ ಬೇರೆ ಐ-485, ಅಂದರೆ ಇಲ್ಲಿದ್ದುಕೊಂಡೇ ಗ್ರೀನ್ ಕಾರ್ಡ್ ಕೇಳುವ ಅರ್ಜಿ, ಹಾಕಬೇಕು, ಅದು 2024ರ ದರದಲ್ಲಿ ತಲೆಗೆ 1,440 ಡಾಲರ್. ದುಬಾರಿ, ಹೌದು. ಆದರೆ ನಿಮ್ಮ ವಿಷಯದಲ್ಲಿ ಮಗಳನ್ನು ಜೊತೆಗೆ ಕರೆದುಕೊಂಡು ಬರುವ ದಾರಿ ಇದೇ. ಅವಳ 21ನೇ ಹುಟ್ಟುಹಬ್ಬದೊಳಗೆ ವೀಸಾ ಬಂದು, ವಿಮಾನ ಇಳಿದು ಎಲ್ಲ ಆಗಬೇಕು. ಅದಕ್ಕೇ ತಡ ಮಾಡಬೇಡಿ.

ಪ್ರಶ್ನೆ: ನನ್ನದು ಗ್ರೀನ್ ಕಾರ್ಡ್. ಹೆಂಡತಿಗೆ ಒಂದೇ ಐ-130 ಹಾಕಿದರೆ ಅವಳ ಮಕ್ಕಳು ಅದರಲ್ಲೇ ಬರುತ್ತಾರೆ ಅಂತ ಹೇಳಿದರು. ನಿಜವಾ? ಮುಂದಿನ ವರ್ಷ ಪೌರತ್ವಕ್ಕೂ ಅರ್ಜಿ ಹಾಕುವವನಿದ್ದೇನೆ.

ಉತ್ತರ: ಇವತ್ತಿಗೆ ನಿಜ, ನೀವು ಪೌರರಾದ ದಿನ ಸುಳ್ಳಾಗುತ್ತದೆ. ಗ್ರೀನ್ ಕಾರ್ಡ್ ಇರುವವರ ಸಂಗಾತಿಯ ವರ್ಗ ಎಫ್2ಎ, ಅದರಲ್ಲಿ 21ರೊಳಗಿನ ಮಕ್ಕಳು ತಾಯಿಯ ಅರ್ಜಿಯಲ್ಲೇ ಬರುತ್ತಾರೆ, ಸರದಿಯನ್ನು ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳು ಹೊರಡಿಸುವ ವೀಸಾ ಬುಲೆಟಿನ್‌ನಲ್ಲಿ ನೋಡಬೇಕು. ಆದರೆ ನೀವು ಪ್ರಮಾಣವಚನ ಮಾಡಿದ ಕೂಡಲೇ ಹೆಂಡತಿ ಸರದಿಯಿಲ್ಲದ ವರ್ಗಕ್ಕೆ ಏರುತ್ತಾರೆ, ಅವರ ಬೆನ್ನಿಗಿದ್ದ ಮಕ್ಕಳು ಕೆಳಗೆ ಉಳಿಯುತ್ತಾರೆ. ಒಳ್ಳೆಯ ಸುದ್ದಿಯ ದಿನವೇ ಮಕ್ಕಳ ಜಾಗ ಹೋಗುವುದು ಎಂಥ ಸಂಕಟ ನೋಡಿ. ನನ್ನ ಸಲಹೆ, ಮಕ್ಕಳಿಗೂ ಈಗಲೇ ಪ್ರತ್ಯೇಕ ಅರ್ಜಿ ಹಾಕಿಬಿಡಿ. ಆಗ ನೀವು ಪೌರರಾದ ದಿನ ಮಗುವಿಗೆ 21 ತುಂಬಿರದಿದ್ದರೆ ವಯಸ್ಸು ಅಲ್ಲಿಗೇ ನಿಲ್ಲುತ್ತದೆ. ಮಗುವಿಗೆ 20 ನಡೆಯುತ್ತಿದ್ದರೆ ಪೌರತ್ವದ ದಿನಾಂಕದ ಬಗ್ಗೆ ಒಬ್ಬ ವಲಸೆ ವಕೀಲರ ಹತ್ತಿರ ಕೂತು ಲೆಕ್ಕ ಹಾಕಿಸಿ. ಆ ಖರ್ಚು ವ್ಯರ್ಥವಲ್ಲ.

ಪ್ರಶ್ನೆ: ಮಕ್ಕಳ ಸ್ವಂತ ತಂದೆ ಸಂಪರ್ಕದಲ್ಲಿಲ್ಲ. ಅವರ ಸಹಿ ಇಲ್ಲದೆ ಮಕ್ಕಳನ್ನು ಕರೆಸಿಕೊಳ್ಳಬಹುದಾ?

ಉತ್ತರ: ಐ-130 ಹಾಕಲು ಅವರ ಸಹಿ ಬೇಡ. ಅಡ್ಡಿ ಬರುವುದು ಆಮೇಲೆ. ಬಹಳ ದೇಶಗಳಲ್ಲಿ ಮಕ್ಕಳ ಪಾಸ್‌ಪೋರ್ಟಿಗೆ, ಕೆಲವು ಕಡೆ ದೇಶ ಬಿಡುವುದಕ್ಕೂ ತಂದೆತಾಯಿ ಇಬ್ಬರ ಒಪ್ಪಿಗೆ ಬೇಕು. ಸಂದರ್ಶನದಲ್ಲೂ ಮಗು ಯಾರ ವಶದಲ್ಲಿದೆ ಅನ್ನುವ ಕಾಗದ ಕೇಳಬಹುದು. ವಿಚ್ಛೇದನದ ಡಿಕ್ರಿಯನ್ನು ಮತ್ತೆ ತೆಗೆದು ಓದಿ. ‘ಮಗು ತಾಯಿಯ ವಶಕ್ಕೆ’ ಅಂತ ಇದ್ದರೆ ಸಾಲದೇ ಹೋಗಬಹುದು, ತಂದೆಗೆ ವಾರಕ್ಕೋ ತಿಂಗಳಿಗೋ ಭೇಟಿಯ ಹಕ್ಕು ಕೊಟ್ಟಿದ್ದರೆ ಮಗುವನ್ನು ಇನ್ನೊಂದು ದೇಶಕ್ಕೆ ಕರೆದೊಯ್ಯಲು ಕೋರ್ಟಿನ ಅನುಮತಿ ಬೇಕಾಗಬಹುದು. ಕೇಳದೆ ಕರೆದುಕೊಂಡು ಬಂದರೆ, ಮಕ್ಕಳನ್ನು ಒಪ್ಪಿಗೆಯಿಲ್ಲದೆ ದೇಶದಾಚೆ ಕರೆದೊಯ್ಯುವುದರ ಬಗ್ಗೆ ಇರುವ 1980ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶವಾದರೆ, ಮಗುವನ್ನು ವಾಪಸು ಕಳಿಸಿ ಅಂತ ತಂದೆ ಕೇಳಬಹುದು. ಇದಕ್ಕೆ ಸಮಯ ಹಿಡಿಯುತ್ತದೆ, ಹಾಗಾಗಿ ಐ-130 ಹಾಕಿದ ದಿನವೇ ಈ ಕೆಲಸವನ್ನೂ ಶುರು ಮಾಡಿ. ಮಗುವಿಗೆ ತಂದೆಯ ನೆನಪಿದ್ದರೆ ಮಗುವಿನ ಹತ್ತಿರವೂ ಮಾತಾಡಿ, ಅದಕ್ಕೂ ಇದರಲ್ಲಿ ಹೇಳುವುದು ಇರುತ್ತದೆ.

ಪ್ರಶ್ನೆ: ಬರುವವರ ಖರ್ಚಿಗೆ ನಾನು ಹೊಣೆ ಅಂತ ಬರೆದುಕೊಡುವ ಅಫಿಡವಿಟ್ ಆಫ್ ಸಪೋರ್ಟ್ ಮಕ್ಕಳಿಗೂ ಬೇರೆ ಬೇಕಾ? ನನ್ನ ಸಂಬಳ ಕಮ್ಮಿ.

ಉತ್ತರ: ಬೇರೆ ಬೇರೆ ಐ-130 ಇದ್ದರೆ ಬೇರೆ ಬೇರೆ ಐ-864, ಅದು ಈ ಅಫಿಡವಿಟ್‌ನ ಫಾರ್ಮು. ಆದಾಯ ಬಡತನ ರೇಖೆಯ 125 ಶೇಕಡಾ ಮುಟ್ಟಬೇಕು. ಮನೆಯ ತಲೆ ಎಣಿಸುವಾಗ ನೀವು, ಹೆಂಡತಿ, ಬರುವ ಮಕ್ಕಳು, ಈಗಾಗಲೇ ನಿಮ್ಮ ಆಶ್ರಯದಲ್ಲಿರುವವರು ಎಲ್ಲರೂ ಸೇರಬೇಕು. ಸಾಲದಿದ್ದರೆ ಅಮೆರಿಕದಲ್ಲೇ ನೆಲೆಸಿರುವ ಪೌರರು ಅಥವಾ ಗ್ರೀನ್ ಕಾರ್ಡಿನವರು ಜೊತೆಗೆ ಜವಾಬ್ದಾರಿ ಹೊರಬಹುದು, ಅವರು ಬಂಧುಗಳೇ ಆಗಬೇಕಿಲ್ಲ. ಆದರೆ ಸ್ನೇಹಿತರನ್ನು ಕೇಳುವ ಮೊದಲು ಅವರಿಗೆ ಪೂರ್ತಿ ಹೇಳಿ. ಈ ಹೊಣೆ ವಿಚ್ಛೇದನವಾದರೂ ಹೋಗುವುದಿಲ್ಲ. ಬಂದವರು ಪೌರರಾಗುವ ತನಕ, ಅಥವಾ ಅವರ ಲೆಕ್ಕಕ್ಕೆ 40 ತ್ರೈಮಾಸಿಕದ, ಅಂದರೆ ಸುಮಾರು ಹತ್ತು ವರ್ಷದ ದುಡಿಮೆ ಜಮೆಯಾಗುವ ತನಕ, ಅಥವಾ ಅವರು ದೇಶ ಬಿಟ್ಟುಹೋಗುವ ಇಲ್ಲವೇ ತೀರಿಕೊಳ್ಳುವ ತನಕ ಇರುತ್ತದೆ.

ಪ್ರಶ್ನೆ: ನಾನು ಪೌರ, ಹಾಗಾದರೆ ಮಲಮಗ ಗ್ರೀನ್ ಕಾರ್ಡ್ ತಗೊಂಡು ಬಂದ ದಿನವೇ ಪೌರನಾಗುತ್ತಾನಾ? ಕಾರ್ಡ್ ಎರಡೇ ವರ್ಷದ್ದು ಅಂತಾರಲ್ಲ, ಅದೇನು?

ಉತ್ತರ: ಆಗುವುದಿಲ್ಲ. 2000ದ ಚೈಲ್ಡ್ ಸಿಟಿಜನ್‌ಶಿಪ್ ಆಕ್ಟ್ ಹೆತ್ತ ಮತ್ತು ದತ್ತು ಮಕ್ಕಳಿಗೆ, ಮಲಮಕ್ಕಳಿಗೆ ಅಲ್ಲ. ಆದರೆ ಅವನ ತಾಯಿ ಅವನಿಗೆ 18 ತುಂಬುವ ಮೊದಲು ಪೌರಳಾದರೆ, ಅವನು ಗ್ರೀನ್ ಕಾರ್ಡ್ ಇಟ್ಟುಕೊಂಡು ಅವರ ವಶದಲ್ಲಿ ಇಲ್ಲೇ ಇದ್ದರೆ, ತಾಯಿಯ ಮೂಲಕ ತಾನಾಗೇ ಪೌರನಾಗುತ್ತಾನೆ. ಪೌರರ ಜೊತೆ ಸಂಸಾರ ಮಾಡುತ್ತಿರುವ ಗ್ರೀನ್ ಕಾರ್ಡಿನವರು ಮೂರು ವರ್ಷಕ್ಕೆ ಅರ್ಜಿ ಹಾಕಬಹುದು, ಆ ದಿನಾಂಕ ಬರೆದಿಟ್ಟುಕೊಳ್ಳಿ.

ದೇಶ ಪ್ರವೇಶಿಸುವ ದಿನ ನಿಮ್ಮ ಮದುವೆಗೆ ಎರಡು ವರ್ಷ ಆಗಿರದಿದ್ದರೆ ಕಾರ್ಡ್ ಎರಡು ವರ್ಷದ್ದೇ. ಅದು ಮುಗಿಯುವ ಹಿಂದಿನ 90 ದಿನಗಳಲ್ಲಿ ಗಂಡಹೆಂಡತಿ ಇಬ್ಬರೂ ಸೇರಿ ಐ-751, ಅಂದರೆ ಕಾರ್ಡಿನ ಈ ಎರಡು ವರ್ಷದ ಷರತ್ತು ತೆಗೆಸುವ ಅರ್ಜಿ, ಹಾಕಬೇಕು. ಮಗು ತಾಯಿಯ ಜೊತೆಗೋ, ತಾಯಿ ಬಂದ 90 ದಿನದೊಳಗೋ ಬಂದಿದ್ದರೆ ಅದೇ ಅರ್ಜಿಯಲ್ಲಿ ಸೇರಿಸಬಹುದು. ಅದಕ್ಕಿಂತ ತಡವಾಗಿ ಬಂದಿದ್ದರೆ ಅವನಿಗೆ ಅವನದೇ ಐ-751, ಅವನ ಕಾರ್ಡಿನ ದಿನಾಂಕಕ್ಕೆ.