ಅರ್ಧ ಲೀಟರ್ ಹಾಲಿನ ನೆಪ

ಮಾನ್ಯರೇ,

ತ್ಯಾಗರಾಜನಗರದಿಂದ ನೀವು ಬರೆದ ನಾಲ್ಕು ಪುಟ ತಲುಪಿತು. ನಿವೃತ್ತರಾಗಿ ಮೂರು ವರ್ಷ. ಮದುವೆ, ಗೃಹಪ್ರವೇಶ ಎಲ್ಲ ಬಿಟ್ಟಿದ್ದೀರಿ. ಫೋನು ಎತ್ತುವುದಿಲ್ಲ. ಹಾಲು, ತರಕಾರಿ ಆ್ಯಪ್‌ನಲ್ಲಿ ಹೇಳಿದರೆ ಬಾಗಿಲಿಗೆ ಬಂದು ಬೀಳುತ್ತದೆ. ಹಗಲೆಲ್ಲ ಹಳೇ ರೇಡಿಯೋ ರಿಪೇರಿ. 'ನನಗೇನೋ ನೆಮ್ಮದಿಯೇ. ಅಕ್ಕ ಮಾತ್ರ ಡಾಕ್ಟರಿಗೆ ತೋರಿಸು ಅಂತಾಳೆ. ಇದು ಕಾಯಿಲೆಯೇ?' ಎಂದು ಕೇಳಿದ್ದೀರಿ.

ರಿಸೆಪ್ಷನ್ ಸಾಲಿನಲ್ಲಿ ಒಂದು ಗಂಟೆ ನಿಂತು ಫೋಟೋಗೆ ಹಲ್ಲು ಕಿರಿಯದವರೆಲ್ಲ ರೋಗಿಗಳಾದರೆ ನಾನೂ ನಿಮ್ಮ ಪಕ್ಕದ ಹಾಸಿಗೆಯಲ್ಲೇ ಇರುತ್ತೇನೆ. ನಿದ್ದೆ ಕೆಟ್ಟು, ಊಟ ಸೇರದೆ, ರೇಡಿಯೋ ಮುಟ್ಟುವುದಕ್ಕೂ ಮನಸ್ಸಾಗದಿದ್ದರೆ ಮಾತ್ರ ತಡ ಮಾಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ನನಗೆ ಇರುಸುಮುರುಸಾದದ್ದು ಆ ಆ್ಯಪ್ ಹಾಲಿನ ವಿಷಯ. ಕಾಡಿನಲ್ಲಿರುವ ಬೌದ್ಧ ಭಿಕ್ಷುವಿನ ವಾಸ ಊರಿನಿಂದ ಕನಿಷ್ಠ 500 ಬಿಲ್ಲಿನಷ್ಟು ದೂರ ಇರಬೇಕು ಎನ್ನುತ್ತದೆ ಭಿಕ್ಷುಗಳ ನಿಯಮಾವಳಿಯಾದ ವಿನಯ. ಹೆಚ್ಚುಕಡಿಮೆ ಒಂದು ಕಿಲೋಮೀಟರು. ಸಂತೆಯ ಗದ್ದಲ ಕೇಳಬಾರದು, ಆದರೆ ನಡೆದು ಹೋಗಿಬರುವಂತಿರಬೇಕು. ಏಕೆಂದರೆ ಆತ ಅಡುಗೆ ಮಾಡಿಕೊಳ್ಳುವಂತಿಲ್ಲ, ನಾಳೆಗೆಂದು ಎತ್ತಿಡುವಂತೆಯೂ ಇಲ್ಲ. ಬೆಳಗಾದರೆ ಪಾತ್ರೆ ಹಿಡಿದು ಊರೊಳಗೆ ಬರಲೇಬೇಕು. ಒಂದು ದಿನ ಬರದಿದ್ದರೆ ಯಾವುದೋ ಮನೆಯಾಕೆ 'ಯಾಕೋ ಸ್ವಾಮಿಗಳು ಕಾಣಲಿಲ್ಲವಲ್ಲ' ಎಂದಾಳು.

ಅಮೆರಿಕದ ಮೇನ್ ರಾಜ್ಯದಲ್ಲಿ ಕ್ರಿಸ್ಟೋಫರ್ ನೈಟ್ ಎಂಬಾತ 27 ವರ್ಷ ಕಾಡಿನಲ್ಲಿ ಒಬ್ಬನೇ ಇದ್ದ. ಹೊಟ್ಟೆಪಾಡಿಗೆ ಸುತ್ತಲಿನ ಮನೆಗಳಿಗೆ ಕನ್ನ! 2013ರಲ್ಲಿ ಸಿಕ್ಕಿಬಿದ್ದದ್ದೂ ಒಂದು ಶಿಬಿರದ ಅಡುಗೆಮನೆಯಲ್ಲೇ. ಅವನಿಗೂ ಊರಿನ ಅನ್ನ ಬೇಕಿತ್ತು, ಮುಖ ತೋರಿಸುವುದು ಬೇಡವಾಗಿತ್ತು. ಬೇಸರಿಸಬೇಡಿ, ನಿಮ್ಮ ಏರ್ಪಾಟು ಭಿಕ್ಷುವಿಗಿಂತ ಇವನಿಗೇ ಹತ್ತಿರ. ನೀವು ದುಡ್ಡು ಕೊಡುತ್ತೀರಿ, ಅಷ್ಟೇ ವ್ಯತ್ಯಾಸ.

'ರೇಡಿಯೋ ಕಂಡೆನ್ಸರ್ ಹುಡುಕಿಕೊಂಡು ತಿಂಗಳಿಗೊಮ್ಮೆ ಎಸ್.ಪಿ. ರೋಡಿಗೆ ಹೋಗುತ್ತೇನೆ, ಅಂಗಡಿಯವನು ನನ್ನನ್ನು ಕಂಡರೆ ಡಬ್ಬ ತೆಗೆದಿಡುತ್ತಾನೆ' ಎಂದು ಬರೆದಿದ್ದೀರಿ. ಆ ಸಾಲು ಓದಿ ಸಮಾಧಾನವಾಯಿತು. ಆದರೆ ತಿಂಗಳಿಗೊಮ್ಮೆ ಸಾಲದು. ಆ್ಯಪ್‌ನಲ್ಲಿ ಹಾಲು ನಿಲ್ಲಿಸಿ. ಬೆಳಿಗ್ಗೆ ಆರಕ್ಕೆ ಮೂಲೆಯ ನಂದಿನಿ ಬೂತಿಗೆ ಹೋಗಿ ಅರ್ಧ ಲೀಟರ್ ನೀಲಿ ಪ್ಯಾಕೆಟ್ ತನ್ನಿ. ಮಾತಾಡಲೇಬೇಕೆಂದಿಲ್ಲ, ಚಿಲ್ಲರೆ ಕೊಟ್ಟರೆ ಸಾಕು.

ಇನ್ನೊಂದು. ಅಕ್ಕನ ಫೋನು ಎತ್ತದವರು ಗುರುತಿಲ್ಲದ ನನಗೆ ನಾಲ್ಕು ಪುಟ ಬರೆದಿರಲ್ಲ! ಆ ಮರ್ಫಿ ರೇಡಿಯೋ ಸೆಟ್ಟಿನಲ್ಲಿ ಬೆಂಗಳೂರು ಆಕಾಶವಾಣಿಯ 612 ಸಿಕ್ಕಿತೋ ಇಲ್ಲವೋ, ಈ ಸಲ ಅಕ್ಕನಿಗೆ ಬರೆಯಿರಿ.

— ಸಂಪಾದಕ