ಕೊಲೆ ಬರೀ ನೆಪ!

ಶಿವಮೊಗ್ಗದ ಓದುಗರೊಬ್ಬರ ಪತ್ರ ಬಂದಿದೆ. ಮಗಳ ಮನೆಯಲ್ಲಿ ‘ಹಾರ್ಟ್ ಟು ಹಾರ್ಟ್’ ಎಂಬ ಹಳೆಯ ಅಮೆರಿಕನ್ ಧಾರಾವಾಹಿ ನೋಡಿದರಂತೆ. ಗಂಡ-ಹೆಂಡತಿ ಕಾಲಿಟ್ಟಲ್ಲೆಲ್ಲ ಒಂದು ಕೊಲೆ. ಅವರೋ ಸರಸದ ಮಾತಾಡುತ್ತಲೇ ಕೊಲೆಗಾರನನ್ನು ಹಿಡಿಯುತ್ತಾರೆ. ‘ಇದು ಪತ್ತೇದಾರಿಯೋ, ಚೆಲ್ಲಾಟವೋ? ಹೆಣದ ಮುಂದೆ ಇಷ್ಟು ನಗು ಬೇಕೇ? ಕೊಲೆಗಾರ ಯಾರೆಂದು ನನಗೆ ಅರ್ಧಕ್ಕೇ ಗೊತ್ತಾಯಿತು’ ಎಂದು ಬರೆದಿದ್ದಾರೆ.

ಅರ್ಧಕ್ಕೆ ಗೊತ್ತಾಯಿತೇ? ಹಾಗಾದರೆ ತಡವಾಯಿತು! ಎಷ್ಟೋ ಕಂತುಗಳಲ್ಲಿ ಕೊಲೆಗಾರನನ್ನು ಶುರುವಿನಲ್ಲೇ ತೋರಿಸಿಬಿಡುತ್ತಾರೆ. ಗುಟ್ಟು ಕಾಯುವ ಹಟ ಅವರಿಗೆ ಇರಲಿಲ್ಲ. 1979ರಿಂದ 1984ರವರೆಗೆ ಎಬಿಸಿ ವಾಹಿನಿಯಲ್ಲಿ ಐದು ಸೀಸನ್ ಓಡಿದ್ದು ಆ ಜೋಡಿಯ ಮಾತಿನಿಂದ, ಕೊಲೆಯಿಂದಲ್ಲ.

ಮೂಲ ಕಥೆ ಸಿಡ್ನಿ ಶೆಲ್ಡನ್ ಅವರದು. ಹೌದು, ನಮ್ಮ ಫುಟ್‌ಪಾತ್ ಪುಸ್ತಕದಂಗಡಿಗಳಲ್ಲಿ ರಾಶಿ ಬಿದ್ದಿರುತ್ತಿದ್ದ ದಪ್ಪ ಕಾದಂಬರಿಗಳ ಶೆಲ್ಡನ್ನೇ. ಅವರು ಬರೆದದ್ದು ಗೂಢಚಾರ ದಂಪತಿಯ ಕಥೆ. ಅದು ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿತ್ತು. ಬಾಂಡ್ ಚಿತ್ರಗಳಿಗೆ ಬರೆದಿದ್ದ ಟಾಮ್ ಮ್ಯಾಂಕವಿಚ್ ಅದನ್ನು ತಿದ್ದಿ ಬರೆದು, ಧಾರಾವಾಹಿಗೆ ನಾಂದಿಯಾದ ಮೊದಲ ಟಿವಿ ಚಿತ್ರವನ್ನೂ ನಿರ್ದೇಶಿಸಿದರು. ಗೂಢಚಾರರು ಹೋದರು. ಸ್ವಂತ ದುಡಿಮೆಯಿಂದ ಕೋಟ್ಯಧೀಶನಾದ ಜೊನಾಥನ್, ಪತ್ರಕರ್ತೆ ಜೆನಿಫರ್ ಬಂದರು. ರಾಬರ್ಟ್ ವ್ಯಾಗ್ನರ್, ಸ್ಟೆಫನಿ ಪವರ್ಸ್ ಆ ಪಾತ್ರ ಮಾಡಿದರು.

ನಮ್ಮ ಹಳೆಯ ಸಿನಿಮಾಗಳನ್ನು ನೆನಪಿಸಿಕೊಳ್ಳಿ. ತಾಳಿ ಕಟ್ಟಿದ ಕೂಡಲೇ ಪರದೆ ಮೇಲೆ ‘ಶುಭಂ’. ಅಮೆರಿಕದ ಟಿವಿಯವರಿಗೂ ಅದೇ ಭಯ ಇತ್ತು: ಮದುವೆಯಾದರೆ ಕಥೆಯ ಕಾವು ಆರುತ್ತದೆ ಅಂತ. ಇಲ್ಲಿ ಕಥೆ ಶುರುವಾಗುವುದೇ ಮದುವೆಯಾದ ಮೇಲೆ. ಅನುಮಾನವಿಲ್ಲ, ಮುನಿಸಿಲ್ಲ, ಮೂರನೆಯವರ ಕಾಟವಿಲ್ಲ. ಒಬ್ಬರ ಮಾತು ಇನ್ನೊಬ್ಬರು ಮುಗಿಸುತ್ತಾರೆ. ಇಷ್ಟನ್ನೇ ಒಂದು ಗಂಟೆ ತೋರಿಸಿದರೆ ಯಾರು ನೋಡ್ತಾರೆ? ಅದಕ್ಕೇ ಒಂದು ಹೆಣ ಬೇಕು.

ಇವರ ಜೊತೆ ಮ್ಯಾಕ್ಸ್ ಇದ್ದಾನೆ. ಅಡುಗೆ, ಕಾರು, ಮನೆ ಎಲ್ಲ ನೋಡಿಕೊಳ್ಳುವವನು ಅವನೇ. ಪ್ರತಿ ಕಂತಿನ ಶುರುವಿಗೆ ಕೇಳುವ ಆ ಒರಟು ದನಿಯೂ ಅವನದೇ. ಪಾತ್ರಧಾರಿ ಲಯನಲ್ ಸ್ಟ್ಯಾಂಡರ್ 1930ರ ದಶಕದಲ್ಲೇ ಹೆಸರು ಮಾಡಿದ್ದ ನಟ. ಅಮೆರಿಕದಲ್ಲಿ ಕಮ್ಯುನಿಸ್ಟರೆಂದು ಅನುಮಾನ ಬಂದವರನ್ನೆಲ್ಲ ಬೇಟೆಯಾಡುತ್ತಿದ್ದ ಕಾಲದಲ್ಲಿ ಹಾಲಿವುಡ್ ಅವರಿಗೆ ಕೆಲಸ ಕೊಡದೆ ಕಪ್ಪುಪಟ್ಟಿಗೆ ಸೇರಿಸಿತು. ವಿಚಾರಣಾ ಸಮಿತಿಯ ಮುಂದೆ ತಲೆ ಬಾಗಿಸದೆ ಜಗಳವಾಡಿದ ಮನುಷ್ಯ ಅವರು. ಹೊಟ್ಟೆಪಾಡಿಗೆ ಷೇರು ದಲ್ಲಾಳಿಯಾದರು, ಆಮೇಲೆ ಯುರೋಪಿನಲ್ಲಿ ನಟಿಸಿದರು. ಈ ಧಾರಾವಾಹಿ ಸಿಕ್ಕಾಗ ವಯಸ್ಸು ಎಪ್ಪತ್ತು ದಾಟಿತ್ತು. ನನಗಂತೂ ದಂಪತಿಗಿಂತ ಮ್ಯಾಕ್ಸೇ ಜಾಸ್ತಿ ಇಷ್ಟ.

ತಕರಾರು ನನಗೂ ಇದೆ. ಪೊಲೀಸರು ಸುಮ್ನೆ ಹಾಜರಿ ಹಾಕಲು ಬರುತ್ತಾರೆ. ಜೆನಿಫರ್‌ಳನ್ನು ಅಪಹರಿಸುವುದು ಎಷ್ಟು ಸಲ! ಅಷ್ಟು ಚುರುಕು ಹೆಂಗಸು, ಕೈ ಕಟ್ಟಿಸಿಕೊಂಡು ಗಂಡನಿಗಾಗಿ ಕಾಯಬೇಕಾ? ಹಣವಂತೂ ಎಲ್ಲ ಬಾಗಿಲನ್ನೂ ತೆರೆಯುತ್ತದೆ.

ಇನ್ನು ನಗುವಿನ ವಿಷಯ. 1981ರ ನವೆಂಬರ್‌ನಲ್ಲಿ ಪವರ್ಸ್ ಅವರ ಬಹುಕಾಲದ ಒಡನಾಡಿ, ನಟ ವಿಲಿಯಂ ಹೋಲ್ಡನ್ ತೀರಿಕೊಂಡರು. ಅದೇ ತಿಂಗಳ 29ರಂದು ವ್ಯಾಗ್ನರ್ ಅವರ ಪತ್ನಿ, ನಟಿ ನಟಾಲಿ ವುಡ್ ಸಮುದ್ರದಲ್ಲಿ ಮುಳುಗಿ ಸತ್ತರು. ಮೂರನೇ ಸೀಸನ್ ನಡೆಯುತ್ತಿತ್ತು. ಸ್ವಲ್ಪ ದಿನದಲ್ಲೇ ಇಬ್ಬರೂ ಬಣ್ಣ ಹಚ್ಚಿ, ಅದೇ ಸರಸದ ಮಾತಾಡಿದರು. ಆ ಸೀಸನ್ನಿನ ಕೊನೆಯ ಕಂತುಗಳನ್ನು ನೋಡುವಾಗ ನನಗೆ ಚೆಲ್ಲಾಟ ಎನ್ನಲು ಬಾಯಿ ಬರುವುದಿಲ್ಲ.

ನೀವು ಯಾವ ಕಂತು ನೋಡಿದಿರೋ ಬರೆದಿಲ್ಲ. ಇನ್ನೊಂದು ಅವಕಾಶ ಕೊಡುವುದಾದರೆ 1979ರ ಮೊದಲ ಚಿತ್ರದಿಂದ ಶುರು ಮಾಡಿ. ಅದರಲ್ಲಿ ನಟಾಲಿ ವುಡ್ ಕೂಡ ಒಂದು ಪುಟ್ಟ ಪಾತ್ರದಲ್ಲಿ ಬಂದು ಹೋಗುತ್ತಾರೆ. ಹೆಸರುಗಳ ಪಟ್ಟಿಯಲ್ಲಿ ಹುಡುಕಬೇಡಿ, ಅಲ್ಲಿ ಇರುವುದು ನಟಾಶಾ ಗುರ್ಡಿನ್ ಅಂತ.

– ಸಂ.