ಇಳಿಜಾರಿನಲ್ಲಿ ಹಳೇ ಜೀಪಿನ ಬ್ರೇಕ್ ಹಿಡಿಯದಿದ್ದರೆ

ಬಾಬಾಬುಡನ್‌ಗಿರಿ ಕಡೆಯ ಎಸ್ಟೇಟ್ ದಾರಿ ಇಳಿಯುವಾಗ ನಿಮ್ಮ ಹಳೇ ಜೀಪಿನ ಬ್ರೇಕ್ ಕೈಕೊಟ್ಟು, ತಣ್ಣಗಾದ ಮೇಲೆ ತಾನೇ ಸರಿಹೋಯಿತು ಅಂತ ಬರೆದಿದ್ದೀರಿ. ಹಾಗಿದ್ದರೆ ಅದು ಬಿಸಿಯಿಂದಲೇ ಆಗಿರಬೇಕು. ಪೆಡಲ್ ಮೆತ್ತಗಾಗಿ ಒಳಗೆ ಹೋಯಿತೋ, ಗಟ್ಟಿ ಇದ್ದೂ ಹಿಡಿಯಲಿಲ್ಲವೋ, ನೀವು ಬರೆದಿಲ್ಲ.

ಮೆತ್ತಗಾಗಿದ್ದರೆ ಬ್ರೇಕ್ ಆಯಿಲ್ ಕುದ್ದಿದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 205 ಡಿಗ್ರಿವರೆಗೆ ತಡೆಯುತ್ತದೆ, ನೀರಿನಂಶ ಹೀರಿಕೊಂಡ ಮೇಲೆ 140ಕ್ಕೇ ಕುದಿಯಬಹುದು. ನಮ್ಮ ಮಲೆನಾಡಿನ ಮಳೆ ಗೊತ್ತಲ್ವಾ! ಆಯಿಲ್ ಪೂರ್ತಿ ಬದಲಿಸಿ, ಬ್ರೇಕ್ ಪೈಪಿನೊಳಗೆ ಸೇರಿದ ಏರ್ ತೆಗೆಸಿ.

ಗಟ್ಟಿ ಇದ್ದರೆ ಚಕ್ರದ ಬ್ರೇಕ್ ಡ್ರಮ್ ಬಿಚ್ಚಿಸಿ, ಒಳಗೆ ಅದಕ್ಕೆ ಉಜ್ಜಿ ಹಿಡಿಯುವ ಲೈನರ್ ನೋಡಿ. ಗಾಜಿನಂತೆ ಹೊಳೆಯುತ್ತಿದ್ದರೆ ಅಥವಾ ಆಯಿಲ್ ಕುಡಿದಿದ್ದರೆ ಹೊಸದು ಹಾಕಿಸಿ.

ಮುಂದಿನ ಸಲ ಇಳಿಜಾರು ಶುರುವಾಗುವ ಮೊದಲೇ ನಿಲ್ಲಿಸಿ ಫೋರ್ ಲೋ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ನಿಧಾನದ ಗೇರ್) ಹಾಕಿ. ಮುಂದಿನ ಚಕ್ರಗಳ ನಡುವೆ ಹಬ್ ಲಾಕ್ (ಚಕ್ರವನ್ನು ಆಕ್ಸಲ್‌ಗೆ ಜೋಡಿಸುವ ತಿರುಗುಗುಂಡಿ) ಇದ್ದರೆ ಅದನ್ನೂ ಲಾಕ್ ಕಡೆಗೆ ತಿರುಗಿಸಿ. ಒಂದು ಅಥವಾ ಎರಡನೇ ಗೇರ್ ಸಾಕು, ಇಂಜಿನ್ನೇ ಹಿಡಿದುಕೊಳ್ಳುತ್ತದೆ. ಸುಮ್ನೆ ಕ್ಲಚ್ ಮೇಲೆ ಕಾಲಿಡಬೇಡಿ.